ಒಂದು ‘ನ’ದ ಬೆಲೆ: ಸಣ್ಣ ಊರಿನ ಸೈಟಿಗೆ ಬ್ಯಾಕ್‌ಲಿಂಕ್ ಗಳಿಸುವ 12 ಸೂತ್ರಗಳು

ನಮ್ಮೂರು ಕೊಡಿಗೇನಹಳ್ಳಿ. ಮಧುಗಿರಿ ತಾಲ್ಲೂಕಿನ ಗಡಿ ಹೋಬಳಿ. ಗಡಿಯಾಚೆ ಆಂಧ್ರದ ಪರಿಗಿ ಮಂಡಲದಲ್ಲೂ ಒಂದು ಕೊಡಿಗೇನಹಳ್ಳಿ ಇದೆ. ಅಲ್ಲಿನ ವಸತಿ ಶಾಲೆಯಿಂದ ಅದು ಹೆಸರಾಗಿದೆ. ನಡುವಿನ ಒಂದು ‘ನ’ ಬಿಟ್ಟರೆ ಕೊಡಿಗೇಹಳ್ಳಿ. ಅದು ಬೆಂಗಳೂರಿನದು, ರೈಲು ನಿಲ್ದಾಣವೂ ಇರುವ ಬಡಾವಣೆ. ಮೂರರಲ್ಲಿ ಯಾವುದರ ಬಗ್ಗೆ ವೆಬ್‌ನಲ್ಲಿ ಹೆಚ್ಚು ಜನ ಬರೆದಿದ್ದಾರೋ, ಹುಡುಕಿದಾಗ ಅದೇ ಮುಂದೆ ಬರುತ್ತದೆ. ಇಂಥ ಊರಲ್ಲಿ ಕೂತು ಗಾಣದೆಣ್ಣೆ, ಹುಣಸೆಹಣ್ಣು, ಕಂಬಳಿ ಮಾರಲು ಹೊರಟವರ ಸೈಟನ್ನು ಗೂಗಲ್ ಹೇಗೆ ಗುರುತು ಹಿಡಿಯಬೇಕು?

ಈ ಭಾಗದ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. “ಅಣ್ಣಾ, ಗೂಗಲ್‌ನಾಗೆ ನಮ್ದೂ ಮೇಲ್ಗಡೆ ಬರೋ ಹಂಗೆ ಮಾಡ್ಕೊಡಿ” ಎಂಬ ಮಾತನ್ನು ಆಗಾಗ ಕೇಳುತ್ತಿರುತ್ತೇನೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಫೋರಂಗಳಲ್ಲಿ ಪ್ರೊಫೈಲ್ ತೆರೆದು ನಮ್ಮ ಸೈಟಿನ ವಿಳಾಸ ಹಾಕಿದರೆ ಮೇಲೆ ಬರ್ತೀವಂತೆ, ನಿಜವಾ? ಅರ್ಧ ನಿಜ. ಆ ಅರ್ಧವನ್ನು ದುಡ್ಡು ಕಳೆದುಕೊಳ್ಳದೆ, ಮರ್ಯಾದೆಯನ್ನೂ ಕಳೆದುಕೊಳ್ಳದೆ ಬಳಸಿಕೊಳ್ಳುವ ದಾರಿ ಇಲ್ಲಿದೆ.

1. ಲಿಂಕ್ ಅಂದರೆ ಸಾಕ್ಷಿ ಎಂದು ತಿಳಿಯಿರಿ

ಬೇರೆಯವರ ಪುಟದಿಂದ ನಿಮ್ಮ ಪುಟಕ್ಕೆ ಬರುವ ದಾರಿಯೇ ಬ್ಯಾಕ್‌ಲಿಂಕ್. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ‘ಪೇಜ್‌ರ‍್ಯಾಂಕ್’ ಎಂಬ ಲೆಕ್ಕವನ್ನು ಮುಂದಿಟ್ಟರು. ಸಂಶೋಧನಾ ಲೇಖನವೊಂದನ್ನು ಎಷ್ಟು ಲೇಖನಗಳು ಉಲ್ಲೇಖಿಸುತ್ತವೋ ಅದರ ತೂಕ ಅಷ್ಟು ಹೆಚ್ಚು. ಅದೇ ಲೆಕ್ಕವನ್ನು ಅವರು ವೆಬ್ ಪುಟಗಳಿಗೆ ತಂದರು. ತೂಕವಿರುವ ಪುಟದಿಂದ ಬಂದ ಲಿಂಕಿಗೆ ತೂಕ ಹೆಚ್ಚು ಎಂಬುದು ಅದರ ತಿರುಳು.

ಹಳ್ಳಿಯವರಿಗೆ ಇದು ಹೊಸದಲ್ಲ. ಹೆಣ್ಣು ಕೊಡುವ ಮೊದಲು, ಕೈಸಾಲ ಕೊಡುವ ಮೊದಲು ನಾವು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಆ ನಾಲ್ವರಲ್ಲಿ ಯಾರ ಮಾತಿಗೆ ಎಷ್ಟು ಬೆಲೆ ಎಂಬುದೂ ನಮಗೆ ಗೊತ್ತಿರುತ್ತದೆ. ಸರ್ಚ್ ಎಂಜಿನ್ ಮಾಡುವುದೂ ಅದೇ ವಿಚಾರಣೆ.

2. ಪ್ರೊಫೈಲ್ ಲಿಂಕಿನ ನಿಜವಾದ ಬೆಲೆ ಅರಿಯಿರಿ

ಕಮೆಂಟುಗಳಲ್ಲಿ ಲಿಂಕ್ ಸುರಿಯುವವರ ಕಾಟ ತಾಳಲಾರದೆ 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್‌ಎನ್ ಒಟ್ಟಾಗಿ ‘ನೋಫಾಲೋ’ ಎಂಬ ಗುರುತನ್ನು ತಂದವು. ಈ ಗುರುತಿರುವ ಲಿಂಕ್ ಸೈಟಿನ ಮಾಲೀಕ ಕೊಟ್ಟ ಶಿಫಾರಸಲ್ಲ ಎಂದು ಅರ್ಥ. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯವೂ ತನ್ನ ಹೊರಗಿನ ಲಿಂಕುಗಳಿಗೆಲ್ಲ ಅದನ್ನು ಹಾಕಿತು. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇನ್ನೆರಡು ಗುರುತು ಸೇರಿಸಿತು: ಬಳಕೆದಾರರು ಬರೆದದ್ದಕ್ಕೆ ‘ಯುಜಿಸಿ’, ಹಣ ಪಡೆದು ಹಾಕಿದ್ದಕ್ಕೆ ‘ಸ್ಪಾನ್ಸರ್ಡ್’. ಇವನ್ನೆಲ್ಲ ಕಟ್ಟಪ್ಪಣೆಯಾಗಿ ಅಲ್ಲ, ಸುಳಿವಾಗಿ ಪರಿಗಣಿಸುವುದಾಗಿಯೂ ಆಗಲೇ ಹೇಳಿತು.

ಬಹುಪಾಲು ಫೋರಂ ಪ್ರೊಫೈಲ್‌ಗಳ ಲಿಂಕಿಗೆ ಇವುಗಳಲ್ಲಿ ಒಂದು ಗುರುತು ಇದ್ದೇ ಇರುತ್ತದೆ. ಹಾಗಾಗಿ ಬರೀ ಪ್ರೊಫೈಲ್ ಲಿಂಕಿನಿಂದ ಸೈಟು ಮೇಲೇರುವುದಿಲ್ಲ. ಆದರೆ ಅದರಿಂದ ಬೇರೆ ಮೂರು ಉಪಯೋಗಗಳಿವೆ. ಹೊಸ ಸೈಟಿಗೆ ಸರ್ಚ್ ಎಂಜಿನ್ ಬಂದು ಮುಟ್ಟಲು ಒಂದು ದಾರಿಯಾಗಬಹುದು. ನಿಮ್ಮ ಉತ್ತರ ಓದಿದವರು ‘ಇವರು ಯಾರು?’ ಎಂದು ಒತ್ತಿ ನೇರ ನಿಮ್ಮ ಬಾಗಿಲಿಗೆ ಬರುತ್ತಾರೆ. ಹಾಗೆ ಬಂದವರಲ್ಲಿ ಒಬ್ಬರು ಮುಂದೆ ತಮ್ಮ ಲೇಖನದಲ್ಲಿ ನಿಮ್ಮ ಹೆಸರು ಹೇಳಿ ಲಿಂಕ್ ಕೊಟ್ಟರೆ ಆ ಲಿಂಕಿಗೆ ಪೂರ್ತಿ ತೂಕ. ಪ್ರೊಫೈಲಿನಿಂದ ನೀವು ನಿರೀಕ್ಷಿಸಬೇಕಾದದ್ದು ಈ ಮೂರನೆಯದು.

3. ಪ್ಯಾಕೇಜ್ ಕೊಳ್ಳಬೇಡಿ

ಕೆಲಸ ಶುರುಮಾಡಿದ ಹೊಸತರಲ್ಲಿ ನಾನೇ ಒಮ್ಮೆ 500 ಪ್ರೊಫೈಲ್ ಲಿಂಕುಗಳ ಪ್ಯಾಕೇಜ್ ಕೊಂಡಿದ್ದೆ. ವಾರದೊಳಗೆ ಎಕ್ಸೆಲ್ ಹಾಳೆ ಬಂತು. ಒಂದೊಂದೇ ತೆರೆದು ನೋಡುತ್ತ ಹೋದೆ. ಒಂದು ರಷ್ಯನ್ ಭಾಷೆಯ ಫೋರಂ, ಮತ್ತೊಂದು ಜೂಜಿನದು, ಮೂರನೆಯದು ವರ್ಷಗಳಿಂದ ಯಾರೂ ಕಾಲಿಡದ ಹಾಳು ಮನೆ. ಪ್ರತಿ ಪ್ರೊಫೈಲಿನಲ್ಲೂ ಅದೇ ಹೆಸರು, ಅದೇ ಸಾಲು, ಬರೆದ ಪೋಸ್ಟ್‌ಗಳ ಸಂಖ್ಯೆ ಸೊನ್ನೆ. ಕೆಲವು ತಿಂಗಳಲ್ಲಿ ಅರ್ಧಕ್ಕರ್ಧ ಪುಟಗಳನ್ನು ಆಯಾ ಸೈಟಿನವರೇ ಅಳಿಸಿಹಾಕಿದರು. ಆ ಲಿಂಕುಗಳಿಂದ ಒಬ್ಬ ಗಿರಾಕಿಯೂ ಬರಲಿಲ್ಲ. ನನ್ನನ್ನು ನಂಬಿ ಆ ಹಣ ಕೊಟ್ಟಿದ್ದವರು ಒಬ್ಬ ರೈತ. ಅದನ್ನು ಅವರಿಗೆ ವಾಪಸು ಕೊಟ್ಟೆ. ನಾಚಿಕೆ ಮಾತ್ರ ಇಂದಿಗೂ ಹೋಗಿಲ್ಲ.

2012ರ ಏಪ್ರಿಲ್ 24ರಂದು ಗೂಗಲ್ ತಂದ ‘ಪೆಂಗ್ವಿನ್’ ಬದಲಾವಣೆ ಇಂಥ ಕೃತಕ ಲಿಂಕುಗಳನ್ನೇ ಗುರಿಯಾಗಿಟ್ಟುಕೊಂಡಿತ್ತು. 2016ರಲ್ಲಿ ಅದು ಮೂಲ ಲೆಕ್ಕಾಚಾರದಲ್ಲೇ ಸೇರಿಹೋಯಿತು. ಫೋರಂ ಪೋಸ್ಟ್‌ಗಳಲ್ಲಿ, ಸಹಿಯಲ್ಲಿ ಕೀವರ್ಡ್ ತುರುಕಿದ ಲಿಂಕ್ ಹಾಕುವುದನ್ನು ಗೂಗಲ್ ತನ್ನ ನಿಯಮಗಳಲ್ಲಿ ಲಿಂಕ್ ಸ್ಪ್ಯಾಮ್‌ನ ಉದಾಹರಣೆಯಾಗಿಯೇ ಕೊಟ್ಟಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಟ್ಟಿದ ಹೆಸರನ್ನು ಪ್ಯಾಕೇಜಿನ ಕೈಗೆ ಕೊಡಬೇಡಿ.

4. ನೆಂಟರನ್ನು ಕರೆಯುವ ಮೊದಲು ಮನೆ ಗುಡಿಸಿ

ಲಿಂಕ್ ಒತ್ತಿ ಬಂದವರಿಗೆ ನಿಮ್ಮ ಸೈಟಿನಲ್ಲಿ ಓದಲು ಏನಿದೆ? ನಿಮ್ಮದು ಕಡ್ಲೆಕಾಯಿ ಗಾಣದೆಣ್ಣೆ ಎಂದಿಟ್ಟುಕೊಳ್ಳಿ. ಬೀಜ ಎಲ್ಲಿಂದ ತರುತ್ತೀರಿ, ಎಷ್ಟು ದಿನ ಒಣಗಿಸುತ್ತೀರಿ, ಮರದ ಗಾಣವೋ ಕಬ್ಬಿಣದ್ದೋ, ಹಿಂಡಿಯನ್ನು ಏನು ಮಾಡುತ್ತೀರಿ: ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಗಾಣದ ಪಕ್ಕ ನಿಂತು ನೀವೇ ತೆಗೆದ ಫೋಟೊ ಹಾಕಿ. ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬೆಲೆ, ಅಂಗಡಿ ತೆರೆದಿರುವ ವೇಳೆ ಇರಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿಯ ಜಾಗ ಗುರುತಿಸಿ. ಅದಕ್ಕೆ ಖರ್ಚಿಲ್ಲ. ಇಷ್ಟೂ ಆದ ಮೇಲೆಯೇ ಫೋರಂ ಕಡೆ ಹೊರಡಿ.

5. ಹೆಸರು, ಊರು ಎಲ್ಲ ಕಡೆ ಒಂದೇ ಥರ ಇರಲಿ

2014ರ ನವೆಂಬರ್ 1ರಂದು ನಮ್ಮ ಜಿಲ್ಲಾ ಕೇಂದ್ರದ ಹೆಸರು ಇಂಗ್ಲಿಷಿನಲ್ಲೂ ‘ತುಮಕೂರು’ ಆಯಿತು. ಆದರೂ ಜನ ಹಳೆಯ ‘ತುಮ್ಕೂರ್’ ಎಂದೇ ಹುಡುಕುತ್ತಾರೆ. ಕೊಡಿಗೇನಹಳ್ಳಿಯನ್ನಂತೂ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುವವರಿದ್ದಾರೆ.

ಒಂದು ಬಗೆ ಆರಿಸಿಕೊಳ್ಳಿ. ಸೈಟು, ಪ್ರೊಫೈಲ್, ಬಿಲ್ಲು, ಬಾಟಲಿಯ ಲೇಬಲ್, ಎಲ್ಲ ಕಡೆ ಅದನ್ನೇ ಬಳಸಿ. ಊರಿನ ಜತೆಗೆ ‘ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ, ಕರ್ನಾಟಕ’ ಎಂದು ಎಂದೂ ಬಿಡದೆ ಸೇರಿಸಿ. ಆಗ ಪರಿಗಿ ಮಂಡಲದ ಊರಿಗೂ ನಮ್ಮದಕ್ಕೂ, ಬೆಂಗಳೂರಿನ ಬಡಾವಣೆಗೂ ನಮಗೂ ಗೆರೆ ಎಳೆದಂತಾಗುತ್ತದೆ. ಹಳೆಯ ಹೆಸರನ್ನು ಸೈಟಿನ ವಿಳಾಸದ ಪುಟದಲ್ಲಿ ಒಂದು ಸಲ ಬರೆದರೆ ಸಾಕು.

6. ಐದು ವೇದಿಕೆ ಸಾಕು, ಐನೂರು ಬೇಡ

ಸೇರುವ ಮೊದಲು ನಾಲ್ಕು ಪರೀಕ್ಷೆ ಮಾಡಿ. ಕೊನೆಯ ಪೋಸ್ಟ್ ಈ ವಾರದ್ದೇ? ಸ್ಪ್ಯಾಮ್ ಅಳಿಸುವ ಮಾಡರೇಟರುಗಳು ಇದ್ದಾರೆಯೇ? ನಿಮ್ಮ ಕಸುಬಿನ ಮಾತು ಅಲ್ಲಿ ನಡೆಯುತ್ತದೆಯೇ? ಅಲ್ಲಿನ ಪುಟಗಳು ಗೂಗಲ್‌ನಲ್ಲಿ ಸಿಗುತ್ತವೆಯೇ? ಕೊನೆಯದನ್ನು ನೋಡಲು ಅಲ್ಲಿನ ಹಳೆಯ ಸದಸ್ಯರೊಬ್ಬರ ಬಳಕೆದಾರ ಹೆಸರನ್ನೂ ಆ ವೇದಿಕೆಯ ಹೆಸರನ್ನೂ ಹಾಕಿ ಹುಡುಕಿ. ಪ್ರೊಫೈಲ್ ಪುಟ ಬಂದರೆ ಸರಿ.

ಪಯಣಿಗರಿಗೆ ತಂಗುಮನೆ ನಡೆಸುವವರು ಪ್ರವಾಸ ಕಥನಗಳು ಬರುವ ಟೀಮ್-ಬಿಎಚ್‌ಪಿಯಂಥ ಕಡೆ ಇರಲಿ. ಹಕ್ಕಿ, ಗಿಡ ಬಲ್ಲವರು ಇ-ಬರ್ಡ್, ಐ-ನ್ಯಾಚುರಲಿಸ್ಟ್ ಸೇರಲಿ. ಕಂಪ್ಯೂಟರ್ ಕೆಲಸದವರಿಗೆ ಸ್ಟ್ಯಾಕ್ ಓವರ್‌ಫ್ಲೋ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಲ್ಲರಿಗೂ ಒಳ್ಳೆಯದು. ನಮ್ಮ ಊರಿನ ರಸ್ತೆ, ಕೆರೆ, ಬಸ್ ನಿಲ್ದಾಣ ನಕ್ಷೆಯಲ್ಲಿ ಕೂರಿಸಿದರೆ ಊರಿಗೂ ಉಪಕಾರ, ನಿಮ್ಮ ಹೆಸರಿಗೂ ಉಪಕಾರ.

ಕನ್ನಡದಲ್ಲೇ ಇದಕ್ಕೆ ಮಾದರಿಯಿದೆ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ‘ಸಂಪದ’ದಲ್ಲಿ ಬರೆದವರ ಹೆಸರಿನ ಮೇಲೆ ಒತ್ತಿದರೆ ಅವರ ಪುಟ ತೆರೆಯುತ್ತಿತ್ತು. ಬರಹ ಮೆಚ್ಚಿದವರು ಬರೆದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಬರಹ ಮೊದಲು, ಪ್ರೊಫೈಲ್ ಆಮೇಲೆ. ಈ ಕ್ರಮ ಇಂದಿಗೂ ಬದಲಾಗಿಲ್ಲ.

7. ಪ್ರೊಫೈಲ್ ಅನ್ನು ಪರಿಚಯ ಹೇಳಿಕೊಂಡಂತೆ ಬರೆಯಿರಿ

ಕೆಟ್ಟ ಪ್ರೊಫೈಲ್ ಹೀಗಿರುತ್ತದೆ: ‘ಬೆಸ್ಟ್ ಗಾಣದ ಎಣ್ಣೆ ತುಮಕೂರು, ಕಡಿಮೆ ಬೆಲೆ ಗಾಣದ ಎಣ್ಣೆ, ಗಾಣದ ಎಣ್ಣೆ ಆನ್‌ಲೈನ್.’ ಹೆಸರಿಲ್ಲ, ಮುಖವಿಲ್ಲ.

ಒಳ್ಳೆಯದು ಹೀಗೆ: ‘ಮಧುಗಿರಿ ತಾಲ್ಲೂಕು ಕೊಡಿಗೇನಹಳ್ಳಿಯಲ್ಲಿ ಮರದ ಗಾಣ ನಡೆಸುತ್ತೇನೆ. ತಾತನ ಕಾಲದಿಂದ ನಮ್ಮದು ಕಡ್ಲೆಕಾಯಿ ಬೇಸಾಯ. ಬೀಜ ಒಣಗಿಸುವುದು, ಎಣ್ಣೆ ಕೆಡದಂತೆ ಇಡುವುದು ಇವುಗಳ ಬಗ್ಗೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.’ ಕೆಳಗೆ ಸೈಟಿನ ವಿಳಾಸ, ಒಂದೇ ಒಂದು.

ಮೂರೇ ವಾಕ್ಯದಲ್ಲಿ ಊರು, ಕಸುಬು, ಅನುಭವ, ಸಹಾಯದ ಮಾತು ನಾಲ್ಕೂ ಬಂದವು. ನಿಮ್ಮದೇ ಫೋಟೊ ಹಾಕಿ. ಎಲ್ಲ ವೇದಿಕೆಗಳಲ್ಲೂ ಒಂದೇ ಬಳಕೆದಾರ ಹೆಸರಿರಲಿ. ಆದರೆ ಪರಿಚಯದ ವಾಕ್ಯಗಳನ್ನು ಆಯಾ ವೇದಿಕೆಗೆ ತಕ್ಕಂತೆ ಬೇರೆ ಬೇರೆ ಬರೆಯಿರಿ. ಬೇಸಾಯಗಾರರ ನಡುವೆ ಬೇಸಾಯದ ಮಾತು ಮೊದಲು, ಅಡುಗೆಯವರ ನಡುವೆ ಒಗ್ಗರಣೆಯ ಮಾತು ಮೊದಲು. ಎಲ್ಲ ಖಾನೆಯನ್ನೂ ತುಂಬಿ. ಅರ್ಧ ಖಾಲಿ ಬಿಟ್ಟ ಪ್ರೊಫೈಲ್ ನೋಡಿದರೆ ಮಾಡರೇಟರಿಗೂ ಅನುಮಾನ, ಓದುಗರಿಗೂ ಅನುಮಾನ.

8. ಮೊದಲ ತಿಂಗಳು ಲಿಂಕ್ ಹಾಕಬೇಡಿ, ಉತ್ತರ ಕೊಡಿ

ಸೇರಿದ ದಿನವೇ ಲಿಂಕ್ ಹಾಕಿದ ಸದಸ್ಯರನ್ನು ಹೆಚ್ಚಿನ ಫೋರಂಗಳು ಸ್ಪ್ಯಾಮರ್ ಎಂದೇ ನೋಡುತ್ತವೆ. ಅದಕ್ಕೇ ಹಲವು ಕಡೆ ಹೊಸಬರಿಗೆ ಪ್ರೊಫೈಲಿನಲ್ಲೂ ಲಿಂಕ್ ಹಾಕುವ ಅವಕಾಶ ಇರುವುದಿಲ್ಲ. ಮೊದಲು ಅಲ್ಲಿನ ನಿಯಮಗಳನ್ನು ಪೂರ್ತಿ ಓದಿ. ಆಮೇಲೆ ವಾರಕ್ಕೆ ಎರಡು ಉತ್ತರದಂತೆ ತಿಂಗಳಿಗೆ ಎಂಟು.

ಉತ್ತರ ಹೇಗಿರಬೇಕು? ಯಾರೋ ಕೇಳಿದ್ದಾರೆ: ‘ಗಾಣದೆಣ್ಣೆ ತಂದೆ, ತಳದಲ್ಲಿ ಗಸಿ ಕೂತಿದೆ. ಕಲಬೆರಕೆಯೇ?’ ಆಗ ಹೀಗೆ ಬರೆಯಿರಿ: ‘ಸೋಸದ ಗಾಣದೆಣ್ಣೆಯಲ್ಲಿ ಗಸಿ ಕೂರುವುದು ಸಹಜ, ಅದು ಬೀಜದ್ದೇ ಪುಡಿ. ಪಾತ್ರೆಯನ್ನು ಮೂರು ನಾಲ್ಕು ದಿನ ಅಲುಗಾಡಿಸದೆ ಇಡಿ, ತಿಳಿ ಎಣ್ಣೆ ಮೇಲೆ ನಿಲ್ಲುತ್ತದೆ. ಅದನ್ನು ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಮುಗ್ಗಲು ವಾಸನೆ ಬಂದರೆ ಮಾತ್ರ ಬಳಸಬೇಡಿ. ಸರಿಯಾಗಿ ಒಣಗದ, ಬೂಸ್ಟು ಹಿಡಿದ ಬೀಜ ಆರೋಗ್ಯಕ್ಕೆ ಕೇಡು.’

ಇದರಲ್ಲಿ ನಿಮ್ಮ ಅಂಗಡಿಯ ಸುದ್ದಿಯೇ ಇಲ್ಲ. ಓದಿದವರಿಗೆ ಮಾತ್ರ ಇವರು ಗಾಣದ ಹತ್ತಿರ ನಿಂತವರು ಎಂದು ತಿಳಿಯುತ್ತದೆ. ಹೆಸರಿನ ಮೇಲೆ ಒತ್ತುವುದು ಆಗ.

9. ನಿಮ್ಮ ಸೀಮೆಯವರಿಗಷ್ಟೇ ಗೊತ್ತಿರುವುದನ್ನು ಬರೆಯಿರಿ

ನಮ್ಮ ತಾಲ್ಲೂಕಿನ ಈಶಾನ್ಯದ ತುದಿಯಲ್ಲಿ ಗಡಿಗೆ ಹೊಂದಿಕೊಂಡು ಮೈದನಹಳ್ಳಿಯ ಹುಲ್ಲುಗಾವಲಿದೆ. ಒಂದು ಕಾಲಕ್ಕೆ ಅದು ಸುತ್ತಲಿನವರಿಗೆ ಬರೀ ಕಾವಲು. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನ ಉತ್ಸಾಹಿಗಳು ಅಲ್ಲಿನ ಕೃಷ್ಣಮೃಗಗಳ ಬಗ್ಗೆ ದಾಖಲೆ ಕಲೆಹಾಕಿ ನಾಲ್ಕು ಜನರಿಗೆ ತಿಳಿಸಿದರು. 2007ರಲ್ಲಿ 798 ಎಕರೆಯ ಆ ಜಾಗ ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಆಯಿತು. ಇಂದು ಆ ಹೆಸರು ಹುಡುಕಿದರೆ ಹಕ್ಕಿಗಳ ಪಟ್ಟಿ, ಫೋಟೊ, ಪ್ರವಾಸ ಕಥನಗಳು ಸಿಗುತ್ತವೆ. ಲಿಂಕಿನ ಆಸೆಗೆ ಅಲ್ಲಿಗೆ ಹೋದವರಲ್ಲ ಅವರು. ಕಣ್ಣಾರೆ ಕಂಡದ್ದನ್ನು ಬರೆದರು, ಜಗತ್ತು ಹುಡುಕಿಕೊಂಡು ಬಂತು.

ನಮ್ಮದೂ ಸೇರಿ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಸರಕಿಗೆ ಕೊರತೆಯಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು ಎಷ್ಟು ಹೊತ್ತಿಗೆ ಹೊರಟರೆ ಬಿಸಿಲು ತಪ್ಪುತ್ತದೆ? ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಲು ಯಾವ ತಿಂಗಳು ಒಳ್ಳೆಯದು? ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಯಾವ ಗಿಡಮೂಲಿಕೆ ಇದೆ? ಪಾವಗಡದಲ್ಲಿ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂದ ಮೇಲೆ ಜಮೀನು ಗುತ್ತಿಗೆ ಕೊಟ್ಟವರ ಬದುಕು ಹೇಗಿದೆ? ದೂರದವರು ಇವನ್ನು ಊಹಿಸಿ ಬರೆಯುತ್ತಾರೆ. ನೀವು ನೋಡಿ ಬರೆಯಬಲ್ಲಿರಿ. ಅಂಥ ಬರಹಕ್ಕೆ ಬರುವ ಲಿಂಕು ಕೇಳದೆ ಬರುವ ಲಿಂಕು.

10. ಲಿಂಕಿನ ಮೇಲಿನ ಅಕ್ಷರ ಸಹಜವಾಗಿರಲಿ

ಲಿಂಕ್ ಅಡಗಿರುವ ಪದಗಳಿಗೆ ‘ಆಂಕರ್ ಟೆಕ್ಸ್ಟ್’ ಎನ್ನುತ್ತಾರೆ. ಹತ್ತು ಕಡೆಯೂ ‘ಬೆಸ್ಟ್ ಗಾಣದ ಎಣ್ಣೆ’ ಎಂದೇ ಇದ್ದರೆ ಕೃತಕ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಪ್ರೊಫೈಲಿನಲ್ಲಿ ನಿಮ್ಮ ಹೆಸರು, ಅಂಗಡಿಯ ಹೆಸರು ಅಥವಾ ಬರೀ ವಿಳಾಸ ಸಾಕು. ಉತ್ತರದ ನಡುವೆ ಲಿಂಕ್ ಕೊಡಲೇಬೇಕಾದರೆ ಮುಖಪುಟಕ್ಕೆ ಕಳಿಸಬೇಡಿ, ಪ್ರಶ್ನೆಗೆ ಉತ್ತರವಿರುವ ಪುಟಕ್ಕೇ ಕಳಿಸಿ. ಜತೆಗೆ ‘ಇದು ನನ್ನದೇ ಸೈಟು’ ಎಂದು ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟದ್ದು ಒಂದು ದಿನ ಗೊತ್ತಾಗುತ್ತದೆ, ಹೇಳಿದ್ದು ನಂಬಿಕೆಯಾಗಿ ಉಳಿಯುತ್ತದೆ.

11. ಗಡಿಯನ್ನೇ ಬಂಡವಾಳ ಮಾಡಿಕೊಳ್ಳಿ

ನಮ್ಮ ಹೋಬಳಿಯಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು ಆಡುವ ಮನೆಗಳಿವೆ. ವ್ಯವಹಾರಕ್ಕೆ ಗಡಿಯಾಚೆಯ ಹಿಂದೂಪುರಕ್ಕೆ ಹೋಗಿ ಬರುವವರೂ ಬಹಳ. ಹಾಗಿದ್ದ ಮೇಲೆ ಸೈಟಿನಲ್ಲಿ ಒಂದು ತೆಲುಗು ಪುಟ ಏಕಿರಬಾರದು? ತೆಲುಗಿನಲ್ಲಿ ಕೇಳಿದ ಪ್ರಶ್ನೆಗೆ ತೆಲುಗಿನಲ್ಲೇ ಉತ್ತರ ಕೊಡಿ, ಲಿಂಕ್ ಆ ಪುಟಕ್ಕಿರಲಿ. ಕನ್ನಡದ ಪುಟವನ್ನಂತೂ ಕೈಬಿಡಬೇಡಿ. ಇಂಗ್ಲಿಷಿನಲ್ಲಿ ಒಂದೇ ವಿಷಯಕ್ಕೆ ಲಕ್ಷಾಂತರ ಪುಟಗಳ ನೂಕುನುಗ್ಗಲು. ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆದ ಒಂದು ಪುಟಕ್ಕೆ ಇನ್ನೂ ಜಾಗ ಧಾರಾಳವಾಗಿದೆ.

12. ಲೆಕ್ಕ ಇಡಿ, ಖಾತೆ ಕಾಪಾಡಿ

ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಅದರ ‘ಲಿಂಕ್ಸ್’ ವಿಭಾಗದಲ್ಲಿ ಯಾವ ಸೈಟುಗಳು ನಿಮಗೆ ಲಿಂಕ್ ಕೊಟ್ಟಿವೆ, ಯಾವ ಪುಟಕ್ಕೆ ಹೆಚ್ಚು ಕೊಟ್ಟಿವೆ ಎಂದು ಕಾಣುತ್ತದೆ. ತಿಂಗಳಿಗೊಮ್ಮೆ ನೋಡಿ. ಗೊತ್ತಿಲ್ಲದ ಒಂದೆರಡು ಕೆಟ್ಟ ಸೈಟು ಕಂಡರೆ ಗಾಬರಿ ಬೇಡ, ಅಂಥವನ್ನು ಗೂಗಲ್ ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2012ರಲ್ಲಿ ಬಂದ ‘ಡಿಸ್‌ಅವೋ’ ಸಾಧನ ಬೇಕಾಗುವುದು ನಾನು ಕೊಂಡಂಥ ಪ್ಯಾಕೇಜನ್ನು ದೊಡ್ಡ ಪ್ರಮಾಣದಲ್ಲಿ ಕೊಂಡು ಸಿಕ್ಕಿಬಿದ್ದವರಿಗೆ.

ಇನ್ನೊಂದು ಲೆಕ್ಕ ನೋಟ್‌ಬುಕ್ಕಿನಲ್ಲಿರಲಿ. ಫೋನ್ ಮಾಡಿದ ಪ್ರತಿಯೊಬ್ಬರನ್ನೂ ‘ನಮ್ಮ ವಿಷಯ ಎಲ್ಲಿ ತಿಳಿಯಿತು?’ ಎಂದು ಕೇಳಿ ಬರೆದಿಡಿ. ಆರು ತಿಂಗಳ ನಂತರ ಐದು ವೇದಿಕೆಗಳಲ್ಲಿ ಯಾವುದು ಗಿರಾಕಿ ತಂದಿತು ಎಂಬುದು ಆ ಪುಟದಲ್ಲೇ ಇರುತ್ತದೆ. ಅದಕ್ಕೆ ಹೆಚ್ಚು ಸಮಯ ಕೊಡಿ.

ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇಡಿ. ಸೈಟಿನ ವಿಳಾಸ ಬದಲಾದ ದಿನವೇ ಎಲ್ಲ ಪ್ರೊಫೈಲ್ ತಿದ್ದಿ. ಡೊಮೇನ್ ನವೀಕರಿಸುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ಕೈತಪ್ಪಿದರೆ ಜೂಜಿನವರು ಕೊಂಡುಕೊಳ್ಳುತ್ತಾರೆ. ಆಗ ನೀವು ವರ್ಷಗಟ್ಟಲೆ ಗಳಿಸಿದ ಲಿಂಕುಗಳೆಲ್ಲ ಅವರ ಬಾಗಿಲಿಗೆ ಜನ ಕಳಿಸುತ್ತವೆ.

ಕೊನೆಗೊಂದು ಮಾತು. ಇಷ್ಟೆಲ್ಲ ಮಾಡಲು ಎಷ್ಟು ಸಮಯ ಬೇಕು? ವಾರಕ್ಕೆ ಎರಡು ಸಂಜೆ, ಒಂದು ವರ್ಷ. ವರ್ಷದ ಕೊನೆಗೆ ನೂರರಷ್ಟು ಉತ್ತರಗಳು ನಿಮ್ಮ ಹೆಸರಲ್ಲಿ ನಿಂತಿರುತ್ತವೆ. ಪ್ರತಿಯೊಂದರ ಪಕ್ಕದ ಪ್ರೊಫೈಲಿನಲ್ಲೂ ‘ಕೊಡಿಗೇನಹಳ್ಳಿ, ಮಧುಗಿರಿ ತಾಲ್ಲೂಕು’ ಎಂದು ಬರೆದಿರುತ್ತದೆ. ನಿಮ್ಮಂತೆ ಊರಿನ ಇನ್ನೂ ಹತ್ತು ಜನ ಬರೆದರೆ ಸಾವಿರ ಉತ್ತರ. ಒಬ್ಬೊಬ್ಬರ ಅಂಗಡಿಗೂ ಗಿರಾಕಿ ಬರುತ್ತಾರೆ, ಜತೆಗೆ ಊರಿಗೂ ಒಂದು ಗುರುತು ಬರುತ್ತದೆ. ಆಗ ನಮ್ಮೂರನ್ನು ಹುಡುಕಿದವರು ಬೆಂಗಳೂರಿನ ಬಡಾವಣೆಗೆ ಹೋಗುವುದಿಲ್ಲ. ನಡುವಿನ ಆ ‘ನ’ ಉಳಿಯುತ್ತದೆ.